ವಿಜಯಪುರದಿಂದ ಅಂಕೋಲೆಗೆ: ಸೈಕಲ್ ಪ್ರವಾಸಿಯ ಬುತ್ತಿ

ರಾಷ್ಟ್ರೀಯ ಹೆದ್ದಾರಿ 52 ಪಂಜಾಬಿನ ಸಂಗ್ರೂರಿನಲ್ಲಿ ಹೊರಟು ನಮ್ಮ ಅಂಕೋಲೆಯಲ್ಲಿ ಮುಗಿಯುತ್ತದೆ. ವಿಜಯಪುರದಿಂದ ಕೊಲ್ಹಾರ, ನರಗುಂದ, ನವಲಗುಂದ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರಗಳನ್ನು ಹಾದು ಅರಬೈಲು ಘಟ್ಟ ಇಳಿಯುವ ಅದರ ಕೊನೆಯ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರುಗಳಲ್ಲಿ ಎರೆಭೂಮಿಯ ಜೋಳ, ಮಲೆನಾಡಿನ ಹುಳಿ, ಕರಾವಳಿಯ ಕುಸಲಕ್ಕಿ (ಕುಚ್ಚಲಕ್ಕಿ) ಒಂದಾದ ಮೇಲೊಂದು ಎದುರಾಗುತ್ತವೆ. ದೂರದ ಸೈಕಲ್ ಪ್ರವಾಸಕ್ಕೆ ಏನು ತಿನ್ನಬೇಕು, ಏನು ಕುಡಿಯಬೇಕು ಎಂದು ಕೇಳುವವರಿಗೆ ನಾನು ಈ ದಾರಿಯನ್ನೇ ಉದಾಹರಣೆಯಾಗಿ ಹೇಳುತ್ತೇನೆ. ದುಬಾರಿ ಜೆಲ್ ಪೊಟ್ಟಣಗಳಾಗಲಿ ವಿದೇಶಿ ಪುಡಿಗಳಾಗಲಿ ಇಲ್ಲಿ ಅಗತ್ಯವಿಲ್ಲ. ದಾರಿಯ ಅಡುಗೆಯೇ ಸಾಕು. ಆದರೆ ಯಾವುದನ್ನು ಯಾವ ಹೊತ್ತಿಗೆ ತಿನ್ನಬೇಕು ಮತ್ತು ಅದರಲ್ಲಿ ಏನು ಕಡಿಮೆಯಿದೆ ಎಂಬುದು ತಿಳಿದಿರಬೇಕು.

ಮೊದಲು ಸ್ವಲ್ಪ ಲೆಕ್ಕ. ನಮ್ಮ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುವ ಪಿಷ್ಟ ಸುಮಾರು 400ರಿಂದ 500 ಗ್ರಾಂ. ಅದರಿಂದ ಒದಗುವ ಶಕ್ತಿ ಹೆಚ್ಚುಕಡಿಮೆ 2000 ಕಿಲೋಕ್ಯಾಲರಿ. ಸಾಮಾನು ಹೇರಿದ ಸೈಕಲನ್ನು ಒಂದು ದಿನಕ್ಕೆ ನೂರು ಕಿಲೋಮೀಟರು ತುಳಿದರೆ ಖರ್ಚಾಗುವ ಶಕ್ತಿ ಇದಕ್ಕಿಂತ ಹೆಚ್ಚೇ ಆಗುತ್ತದೆ. ನಿಧಾನವಾಗಿ ತುಳಿಯುವಾಗ ದೇಹದ ಕೊಬ್ಬೂ ಉರಿಯುವುದರಿಂದ ದಾಸ್ತಾನು ಕೂಡಲೇ ಬರಿದಾಗುವುದಿಲ್ಲ, ನಿಜ. ಆದರೆ ಬರಿದಾದಾಗ ಕಾಲು ಮಾತ್ರವಲ್ಲ, ತಲೆಯೂ ಮಂಕಾಗುತ್ತದೆ, ಮತ್ತು ಆ ಹೊತ್ತಿನಲ್ಲಿ ಎಷ್ಟು ತಿಂದರೂ ಚೇತರಿಸಿಕೊಳ್ಳಲು ಬಹಳ ಸಮಯ ಬೇಕಾಗುತ್ತದೆ. ಆದ್ದರಿಂದಲೇ ಹಸಿವಾಗುವ ಮೊದಲೇ, ಮೊದಲ ಗಂಟೆ ಮುಗಿಯುವುದರೊಳಗೆ ತಿನ್ನಲು ಆರಂಭಿಸಬೇಕು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಎಂಬುದು ಕ್ರೀಡಾ ಪೋಷಣೆಯಲ್ಲಿ ಬಹುಕಾಲದಿಂದ ಒಪ್ಪಿತವಾಗಿರುವ ಅಳತೆ. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕರುಳಿನಲ್ಲಿ ಬೇರೆಬೇರೆ ಮಾರ್ಗಗಳಿಂದ ಹೀರಲ್ಪಡುವುದರಿಂದ ಎರಡನ್ನೂ ಬೆರೆಸಿಕೊಂಡ ಸ್ಪರ್ಧಿಗಳು 90 ಗ್ರಾಂವರೆಗೂ ಹೋಗುತ್ತಾರೆ, ಆದರೆ ಪ್ರವಾಸಿಗೆ ಅಷ್ಟು ಅವಸರವಿಲ್ಲ. ಸಕ್ಕರೆ, ಬೆಲ್ಲ, ಬಾಳೆಹಣ್ಣು ಈ ಮೂರರಲ್ಲಿಯೂ ಎರಡೂ ಬಗೆಯ ಸಕ್ಕರೆಗಳಿವೆ ಎಂಬುದನ್ನು ನೆನಪಿಟ್ಟರೆ ಸಾಕು. ಒಂದು ದೊಡ್ಡ ಪಚ್ಚಬಾಳೆಯಿಂದ ಸುಮಾರು 25 ಗ್ರಾಂ ಸಿಗುತ್ತದೆ. ಏಲಕ್ಕಿ ಬಾಳೆಯಾದರೆ ಎರಡು ಬೇಕು.

ವಿಜಯಪುರದಿಂದ ಬೆಳಕು ಹರಿಯುವ ಮುನ್ನ ಹೊರಡುವವರು ಹೋಟೆಲು ತೆರೆಯಲೆಂದು ಕಾಯಬಾರದು. ಹಿಂದಿನ ರಾತ್ರಿಯೇ ತಂದಿಟ್ಟ ಬಾಳೆಹಣ್ಣು ಮತ್ತು ಒಂದು ಶೇಂಗಾ ಹೋಳಿಗೆಯಿಂದ ಮೊದಲ ಹರದಾರಿಗಳು ಸಾಗುತ್ತವೆ. ದಾರಿಬುತ್ತಿಯಾಗಿ ಶೇಂಗಾ ಹೋಳಿಗೆಗೆ ಸಮನಾದದ್ದು ಇಲ್ಲವೆಂದೇ ನನ್ನ ಅಭಿಪ್ರಾಯ. ಬೆಲ್ಲ ಬೇಗ ಒದಗುತ್ತದೆ, ಕಣಕದ ಹಿಟ್ಟು ಸ್ವಲ್ಪ ತಡೆದು ಒದಗುತ್ತದೆ, ಶೇಂಗಾದ ಕೊಬ್ಬು ಇನ್ನೂ ನಿಧಾನವಾಗಿ ಒದಗುತ್ತದೆ. ಹಲವು ದಿನ ಕೆಡುವುದಿಲ್ಲ, ಚೀಲದಲ್ಲಿ ಜಜ್ಜಿಹೋಗುವುದಿಲ್ಲ, ಒಂದು ಕೈಯಲ್ಲಿ ಹಿಡಿದು ತಿನ್ನಬಹುದು. ಅಮೀನಗಡದ ಕರದಂಟು ಇದೇ ಸೀಮೆಯದು, ರುಚಿಯಲ್ಲಿ ಒಂದು ತೂಕ ಮೇಲೆಯೇ. ಆದರೆ ಅದರಲ್ಲಿ ಒಣಕೊಬ್ಬರಿ, ಗೋಡಂಬಿ, ತುಪ್ಪದಲ್ಲಿ ಕರಿದ ಅಂಟುಗಳ ಜಿಡ್ಡು ಹೆಚ್ಚಾದ್ದರಿಂದ ಹೊಟ್ಟೆ ಖಾಲಿಯಾಗಲು ಹೊತ್ತು ಹಿಡಿಯುತ್ತದೆ, ಬಿಸಿಲಿನಲ್ಲಿ ಏರು ತುಳಿಯುವಾಗ ಭಾರವಾಗುತ್ತದೆ. ಅದನ್ನು ಸಂಜೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಕೊಲ್ಹಾರ ತಲುಪುವ ಹೊತ್ತಿಗೆ ಬೆಳಗಿನ ಉಪಾಹಾರದ ಸಮಯವಾಗಿರುತ್ತದೆ. ಕೃಷ್ಣೆಯ ದಂಡೆಯ ಈ ಊರು ಗಡಿಗೆ ಮೊಸರಿಗೆ ಹೆಸರಾದದ್ದು. ಕೆನೆಗಟ್ಟಿದ ಆ ಮೊಸರನ್ನು ಕಡಕ್ ರೊಟ್ಟಿಯ ಮೇಲೆ ಹಾಕಿಕೊಂಡು, ಜೊತೆಗೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಕಲಸಿಕೊಂಡು ತಿಂದವರಿಗೆ ಓಟ್ಸ್ ನೆನಪಾಗುವುದಿಲ್ಲ. ಕಡಕ್ ರೊಟ್ಟಿಯ ಗುಣ ಪ್ರವಾಸಿಗೆ ಹೇಳಿಮಾಡಿಸಿದಂತಿದೆ. ನೀರಿನಂಶವೇ ಇಲ್ಲದ್ದರಿಂದ ತೂಕವಿಲ್ಲ, ವಾರಗಟ್ಟಲೆ ಉಳಿಯುತ್ತದೆ, ಮುರಿದು ಪುಡಿಯಾದರೂ ಮೊಸರಿನಲ್ಲಿ ನೆನೆಹಾಕಬಹುದು. ಅದೇ ಕಾರಣಕ್ಕೆ ಅದನ್ನು ತಿಂದಾಗ ನೀರು ಹೆಚ್ಚು ಕುಡಿಯಬೇಕಾಗುತ್ತದೆ ಎಂಬುದನ್ನೂ ಗಮನಿಸಬೇಕು. ಈ ಸೀಮೆಯ ಹೋಟೆಲುಗಳಲ್ಲಿ ಸುಸಲಾ ಸಿಕ್ಕರೆ ಬಿಡಬಾರದು. ನೆನೆಸಿ ಹಿಂಡಿದ ಮಂಡಕ್ಕಿ ಬೇಗ ಜೀರ್ಣವಾಗುತ್ತದೆ, ಒಗ್ಗರಣೆಯಲ್ಲಿ ಉಪ್ಪೂ ಇರುತ್ತದೆ. ಹಿಂಗಾರಿ ಜೋಳ ತೆನೆಗಟ್ಟುವ ಡಿಸೆಂಬರ್, ಜನವರಿಯಲ್ಲಿ ಹೋದರೆ ಹೊಲಗಳಲ್ಲಿ ಸೀತನಿ ಸುಡುತ್ತಿರುತ್ತಾರೆ, ಮತ್ತು ಸೈಕಲ್ ನಿಲ್ಲಿಸಿದವರನ್ನು ಕರೆಯದೆ ಬಿಡುವುದು ಅಪರೂಪ.

ನರಗುಂದ, ನವಲಗುಂದಗಳ ನಡುವಿನ ಎರೆಭೂಮಿಯಲ್ಲಿ ಮರದ ನೆರಳು ಕಡಿಮೆ, ಗಾಳಿ ಒಣದು. ಒಣಗಾಳಿಯಲ್ಲಿ ಬೆವರು ಮೈಮೇಲೆ ನಿಲ್ಲುವುದಿಲ್ಲವಾದ್ದರಿಂದ ಎಷ್ಟು ಬೆವರಿದೆವೆಂಬುದೇ ತಿಳಿಯುವುದಿಲ್ಲ. ಅಂಗಿಯ ಮೇಲೆ ಬಿಳಿಯ ಉಪ್ಪಿನ ಗೆರೆಗಳು ಮೂಡಿದಾಗ ಮಾತ್ರ ಗೊತ್ತಾಗುತ್ತದೆ. ಒಂದು ಲೀಟರ್ ಬೆವರಿನಲ್ಲಿ ಹೋಗುವ ಸೋಡಿಯಂ ಒಬ್ಬೊಬ್ಬರಿಗೆ ಒಂದೊಂದು ತೆರನಾಗಿದ್ದು, ಅರ್ಧ ಗ್ರಾಂನಿಂದ ಒಂದು ಗ್ರಾಂ ದಾಟುವುದೂ ಸಾಮಾನ್ಯ. ಅಡುಗೆ ಉಪ್ಪಿನ ಶೇ. 40ರಷ್ಟು ಮಾತ್ರ ಸೋಡಿಯಂ ಆದ್ದರಿಂದ ಆ ನಷ್ಟವನ್ನು ಉಪ್ಪಿನಲ್ಲಿ ಹೇಳಿದರೆ ಲೀಟರಿಗೆ ಕಾಲು ಚಮಚದಿಂದ ಅರ್ಧ ಚಮಚದಷ್ಟಾಗುತ್ತದೆ. ಇದನ್ನು ತುಂಬದೆ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಕೊನೆಗೆ ಬುದ್ಧಿಭ್ರಮೆಯವರೆಗೂ ಹೋಗಬಹುದು. ಅದನ್ನು ನೀರಡಿಕೆಯ ಲಕ್ಷಣವೆಂದು ತಿಳಿದು ಇನ್ನಷ್ಟು ನೀರು ಕುಡಿಸುವುದು ಅಪಾಯಕಾರಿ. ಬಾಯಾರಿದಾಗ ಕುಡಿಯುವುದು, ಗುಟುಕು ಗುಟುಕಾಗಿ ಕುಡಿಯುವುದು, ಮೂತ್ರದ ಬಣ್ಣ ತಿಳಿಹಳದಿಯಾಗಿದೆಯೇ ಎಂದು ನೋಡಿಕೊಳ್ಳುವುದು, ಇಷ್ಟು ಪಾಲಿಸಿದರೆ ಹೆಚ್ಚಿನವರಿಗೆ ಸಾಕು. ರಕ್ತದೊತ್ತಡ, ಮಧುಮೇಹ, ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ಉಪ್ಪು, ಸಕ್ಕರೆಗಳ ಈ ಲೆಕ್ಕವನ್ನು ತಮ್ಮ ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಉಪ್ಪು ತುಂಬಲು ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣವನ್ನು ಹಲವರು ಇಟ್ಟುಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರಬೇಕು. ಇದರಲ್ಲಿ ಗ್ಲೂಕೋಸ್ ಇರುವುದು ಶಕ್ತಿಗಾಗಿ ಅಲ್ಲ. ಸೋಡಿಯಂ ಕರುಳಿನಿಂದ ರಕ್ತಕ್ಕೆ ಹೀರಲ್ಪಡಲು ಅದು ಜೊತೆಗಿರಬೇಕು ಎಂಬ ಕಾರಣಕ್ಕೆ. ಹಾಗಾಗಿ ಇದನ್ನು ಕುಡಿದು ಊಟದ ಬದಲಾಯಿತೆಂದು ಭಾವಿಸಬಾರದು. ಇದೇ ಹೆಸರನ್ನು ಅಂಟಿಸಿಕೊಂಡು ಸೂತ್ರಕ್ಕೆ ಸಂಬಂಧವೇ ಇಲ್ಲದ ಸಿಹಿ ಪಾನೀಯಗಳು ಮಾರಾಟವಾಗುತ್ತಿದ್ದವು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು (ಎಫ್‌ಎಸ್‌ಎಸ್‌ಎಐ) 2025ರ ಅಕ್ಟೋಬರಿನಲ್ಲಿ ಆಹಾರ ಪಾನೀಯಗಳ ಮೇಲೆ ಆ ಹೆಸರು ಬಳಸುವುದನ್ನು ನಿಷೇಧಿಸಿತು. ಪೊಟ್ಟಣದ ಹಿಂಬದಿಯನ್ನು ಓದಿ ಕೊಳ್ಳುವ ಅಭ್ಯಾಸ ಇಂದಿಗೂ ಒಳ್ಳೆಯದೇ. ನನ್ನ ಬಾಟಲಿಗಳಲ್ಲಿ ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಲಿಂಬೆ, ಸಕ್ಕರೆ, ಚಿಟಿಕೆಗಿಂತ ತುಸು ಹೆಚ್ಚು ಉಪ್ಪು ಇರುತ್ತದೆ. ಎಳನೀರನ್ನು ಎಲ್ಲರೂ ಹೊಗಳುತ್ತಾರೆ, ನಾನೂ ಕುಡಿಯುತ್ತೇನೆ, ಆದರೆ ಅದರಲ್ಲಿ ಧಾರಾಳವಾಗಿರುವುದು ಪೊಟ್ಯಾಸಿಯಂ. ಬೆವರಿನಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಅದರಲ್ಲಿ ಕಡಿಮೆ. ಎಳನೀರಿನ ಜೊತೆ ಒಂದು ಹಿಡಿ ಖಾರಾ ಶೇಂಗಾ ತಿಂದರೆ ಆ ಕೊರತೆ ತೀರುತ್ತದೆ. ಉಪ್ಪು ಹಾಕಿದ ಮಜ್ಜಿಗೆ ಸಿಕ್ಕುವ ಕಡೆ ಇದಾವುದರ ಚಿಂತೆಯೂ ಬೇಡ.

ನೀರಿನ ವಿಷಯದಲ್ಲಿ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ನಂಬಿಕೊಳ್ಳಬಹುದು. ನಾಣ್ಯ ಹಾಕಿದರೆ ಕೊಡ ತುಂಬುವ ಯಂತ್ರ ಅದು, ಬಾಟಲಿಗೆ ಬೇಕಾದಷ್ಟು ನೀರು ಸಾಲಿನಲ್ಲಿ ನಿಂತವರ ಕೊಡದಿಂದಲೇ ಸಿಗುತ್ತದೆ. ಸವಳು ಬೋರ್‌ವೆಲ್ ನೀರಿಗೆ ಒಗ್ಗದ ಹೊಟ್ಟೆಯವರಿಗೆ ಇದು ದೊಡ್ಡ ಅನುಕೂಲ.

ಖಾನಾವಳಿಯ ಮಧ್ಯಾಹ್ನದ ಊಟ, ಅಂದರೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಳಕೆ ಕಾಳು, ಹಸಿ ಈರುಳ್ಳಿ, ಮೊಸರು, ಅನ್ನ, ಸಾರು, ಪೋಷಣೆಯಲ್ಲಿ ಕೊರತೆಯಿಲ್ಲದ್ದು. ತೊಂದರೆಯಿರುವುದು ಬಡಿಸುವವರ ಪ್ರೀತಿಯಲ್ಲಿ. ಬೇಡವೆಂದರೂ ಬೀಳುವ ಮೂರನೆಯ ರೊಟ್ಟಿಯನ್ನು ತಿಂದು ಕೂಡಲೇ ಸೈಕಲ್ ಹತ್ತಿದರೆ ರಕ್ತವನ್ನು ಹೊಟ್ಟೆಯೂ ಕೇಳುತ್ತದೆ, ಕಾಲೂ ಕೇಳುತ್ತದೆ. ಬಿಸಿಲಿನ ಹೊತ್ತು ಹೇಗೂ ತುಳಿಯಬಾರದಾದ್ದರಿಂದ ಊಟ ಮುಗಿಸಿ ಯಾವುದಾದರೂ ಗುಡಿಯ ಕಟ್ಟೆಯ ಮೇಲೆ ಒಂದೆರಡು ಗಂಟೆ ಉರುಳಿಕೊಳ್ಳುವುದೇ ಸರಿ. ಹುಬ್ಬಳ್ಳಿಯ ಎಣ್ಣೆಯಲ್ಲಿ ಕರಿದ ಮಿರ್ಚಿ, ಮಂಡಕ್ಕಿಯ ಗಿರ್ಮಿಟ್ ಎರಡನ್ನೂ ಒಟ್ಟಿಗೆ ಹೆಸರಿಸುವುದು ರೂಢಿ, ಆದರೆ ದಾರಿಯ ನಡುವೆ ನಾನು ಗಿರ್ಮಿಟ್ ಮಾತ್ರ ತಿನ್ನುತ್ತೇನೆ. ಮಿರ್ಚಿ ಆ ದಿನದ ತುಳಿತ ಮುಗಿದ ಮೇಲೆ. ಚಹಾ ಕುಡಿದರೆ ಮೈಯ ನೀರು ಆರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ನಮ್ಮ ಅಂಗಡಿಗಳ ಚಿಕ್ಕ ಗಾಜಿನ ಲೋಟದಲ್ಲಿ ಕೆಫೀನಿಗಿಂತ ಸಕ್ಕರೆಯೇ ಮುಂದು.

ಕಲಘಟಗಿ ದಾಟಿದ ಮೇಲೆ ಕಾಡು ದಟ್ಟವಾಗುತ್ತ ಹೋಗಿ ಅಂಗಡಿಗಳು ವಿರಳವಾಗುತ್ತವೆ. ಯಲ್ಲಾಪುರದಲ್ಲಿ ಚೀಲ, ಬಾಟಲಿ ತುಂಬಿಕೊಳ್ಳದೆ ಘಟ್ಟಕ್ಕೆ ಹೊರಡಬಾರದು. ಈ ಸೀಮೆಯ ಹವ್ಯಕರ ಮನೆಗಳಲ್ಲಿ ಮಾಡುವ ಅಪ್ಪೆಹುಳಿಯನ್ನು ಅನ್ನಕ್ಕೆ ಕಲಸುವುದಕ್ಕಿಂತ ಲೋಟದಲ್ಲಿ ಕುಡಿಯುವುದೇ ಹೆಚ್ಚು. ಅಪ್ಪೆಮಿಡಿ ಎಂಬ ಎಳೆಮಾವಿನ ಹುಳಿ, ಉಪ್ಪು, ಹಸಿಮೆಣಸು, ಇಂಗಿನ ಒಗ್ಗರಣೆ ಸೇರಿದ ಆ ತಿಳಿಯಾದ ಪಾನೀಯಕ್ಕಿಂತ ರುಚಿಯಾಗಿ ಬೆವರಿದವರಿಗೆ ಉಪ್ಪು ಕುಡಿಸುವ ವಿಧಾನವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಹೋಟೆಲುಗಳಲ್ಲಿ ಅದು ಸುಲಭಕ್ಕೆ ಸಿಗದು; ಕೇಳಿದರೆ ಕೆಲವೊಮ್ಮೆ ತಂಬುಳಿ ಸಿಗುತ್ತದೆ.

ಅರಬೈಲು ಘಟ್ಟದ ಇಳಿಜಾರಿನಲ್ಲಿ ತಿನ್ನುವ ಅಗತ್ಯವಿಲ್ಲ, ಎರಡೂ ಕೈ ಬ್ರೇಕಿನ ಮೇಲಿರಬೇಕು. ಕೆಳಗಿಳಿದ ಕೂಡಲೇ ಗಾಳಿಯ ತೇವ ಹೆಚ್ಚಿ ಬೆವರು ಆರದೆ ಹರಿಯತೊಡಗುತ್ತದೆ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ಆದ್ದರಿಂದ ವೇಗ ತಗ್ಗಿಸಿ ಕುಡಿಯುವುದನ್ನು ಹೆಚ್ಚಿಸಬೇಕು. ಇಲ್ಲಿ ಮುರುಗಲ ಹಣ್ಣಿನ ಪಾನಕ ಸಿಗುತ್ತದೆ, ಅದಕ್ಕೆ ಉಪ್ಪು ಹಾಕಿಸಿಕೊಳ್ಳಬೇಕು. 1930ರಲ್ಲಿ ಉಪ್ಪಿನ ಕಾಯಿದೆ ಮುರಿದ ಅಂಕೋಲೆಯವರಿಗೆ ಉಪ್ಪು ಕೇಳಿದರೆ ಬೇಸರವಿರಲಾರದು.

ದಿನದ ತುಳಿತ ಮುಗಿದ ಮೇಲಿನ ಮೊದಲ ಎರಡು ಗಂಟೆಗಳಲ್ಲಿ ಬರಿದಾದ ಗ್ಲೈಕೋಜನ್ ಬೇಗ ಮರುಪೂರಣವಾಗುವುದರಿಂದ ಮರುದಿನವೂ ತುಳಿಯುವವರು ಸ್ನಾನ, ಬಟ್ಟೆ ಒಗೆಯುವುದು, ಫೋನು ಇವೆಲ್ಲಕ್ಕಿಂತ ಮೊದಲು ಏನಾದರೂ ತಿನ್ನಬೇಕು. ಬೆಲ್ಲ ಹಾಕಿದ ಹಾಲು, ಬಾಳೆಹಣ್ಣು ಆಗಬಹುದು. ಕರಾವಳಿಯಲ್ಲಾದರೆ ಕುಸಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಪಿಷ್ಟ, ನೀರು, ಉಪ್ಪು ಮೂರೂ ಒಂದೇ ಬಟ್ಟಲಲ್ಲಿ ಒದಗುತ್ತವೆ. ರಾತ್ರಿಯ ಊಟದಲ್ಲಿ 20ರಿಂದ 30 ಗ್ರಾಂ ಪ್ರೋಟೀನ್ ಸೇರುವಂತೆ ನೋಡಿಕೊಳ್ಳಬೇಕು, ಮೀನು ತಿನ್ನುವವರಿಗೆ ಅಂಕೋಲೆಯಲ್ಲಿ ಅದು ಕಷ್ಟವೇ ಅಲ್ಲ, ತಿನ್ನದವರು ಮೊಸರು, ಹೆಸರುಕಾಳುಗಳನ್ನು ಕೇಳಿ ಹಾಕಿಸಿಕೊಳ್ಳಬೇಕು. ಮುಂದೆ ಹೆದ್ದಾರಿ 66 ಹಿಡಿದು ಕಾರವಾರಕ್ಕೋ ಕುಮಟೆಗೋ ಹೋಗುವುದಾದರೆ ಹೋಟೆಲುಗಳು ಸಾಲಾಗಿ ಸಿಗುವುದರಿಂದ ಬುತ್ತಿಯ ಹೊರೆ ಬೇಕಾಗುವುದಿಲ್ಲ. ಎರಡು ಬಾಳೆಹಣ್ಣು, ಒಂದು ಉಪ್ಪಿನ ಪೊಟ್ಟಣ ಇದ್ದರೆ ಸಾಕು.