41 ಗುರ್‌ಗುರ್ ಮತ್ತು ಒಂದು ಹಳೇ ತೋಳದ ಸಿನಿಮಾ

ನಾನು ಸಿನಿಮಾಗೆ ಸೌಂಡ್ ಎಫೆಕ್ಟ್ಸ್ ಕೂರಿಸುವವನು. ಡೈಲಾಗು ಒಬ್ಬರು ನೋಡುತ್ತಾರೆ, ಹಾಡು ಇನ್ನೊಬ್ಬರು. ಬಾಗಿಲು ಕಿರ್ರನ್ನುವುದು, ಬೈಕು ಹೋಗುವುದು, ಮಳೆ, ಏಟು, ಗಾಜು ಒಡೆಯುವುದು ಎಲ್ಲ ನನ್ನ ಪಾಲು. ಮನೆಯಲ್ಲಿ ಯಾರಾದರೂ ಬಂದು ಏನು ಕೆಲಸ ಅಂತ ಕೇಳಿದರೆ ಅಮ್ಮ "ಸಿನಿಮಾದಲ್ಲಿದ್ದಾನೆ" ಅಂದು ಸುಮ್ಮನಾಗುತ್ತಾರೆ.

2024ರಲ್ಲಿ ಒಂದು ಸಣ್ಣ ಬಜೆಟ್ಟಿನ ಹಾರರ್ ಸಿನಿಮಾ ಕೈಗೆ ಬಂತು. ಬೆಂಗಳೂರಿನ ಹೊರವಲಯದ ಒಂದು ಹೊಸ ಅಪಾರ್ಟ್‌ಮೆಂಟು, ರಾತ್ರಿ ಹೊತ್ತು ಒಳಗೆ ನುಗ್ಗುವ ಒಂದು ಪ್ರಾಣಿ. ಚಿರತೆಯಂತೆ, ಆದರೆ ಚಿರತೆಯಲ್ಲ. ಗ್ರಾಫಿಕ್ಸ್‌ಗೆ ದುಡ್ಡಿರಲಿಲ್ಲ, ಹಾಗಾಗಿ ಪ್ರಾಣಿ ಇಡೀ ಸಿನಿಮಾದಲ್ಲಿ ಕಾಣುವುದೇ ಮೂರು ಸಲ. ಡೈರೆಕ್ಟರ್ ನನ್ನ ಹೆಗಲ ಮೇಲೆ ಕೈಯಿಟ್ಟು, "ಕಾಣಿಸೋದಿಲ್ಲ ಮಗಾ, ಅದಕ್ಕೆ ನೀನು ಕೇಳಿಸ್ಬೇಕು" ಅಂದರು.

ಕೇಳಿಸಿದೆ. ರೆಡಿ ಶಬ್ದಗಳ ಲೈಬ್ರರಿಯಿಂದ ಹುಲಿ ಎತ್ತಿಕೊಂಡೆ, ಅದರ ಕೆಳಗೆ ಹಂದಿಯ ಕೂಗನ್ನು ನಿಧಾನ ಮಾಡಿ ಹಾಕಿದೆ, ಮೇಲೆ ನಾಯಿಯ ಗುರ್‌ಗುರ್ ಬೆರೆಸಿದೆ. ಕತ್ತಲು ಬಂದ ಕಡೆಯೆಲ್ಲ ಒಂದೊಂದು. ಲಿಫ್ಟ್ ಬಾಗಿಲು ತೆಗೆದರೆ ಗುರ್, ವಾಚ್‌ಮನ್ ಬೀಡಿ ಹಚ್ಚಿದರೆ ಗುರ್, ಹೀರೋಯಿನ್ ಬಾಲ್ಕನಿಯಲ್ಲಿ ಬಟ್ಟೆ ಎತ್ತಿಕೊಳ್ಳುವಾಗ ಎರಡು ಗುರ್. ಒಟ್ಟು 41 ಕಡೆ. ಎಲ್ಲವನ್ನೂ ಸಬ್‌ವೂಫರಿಗೆ ಕಳಿಸಿದ್ದೆ, ಕುರ್ಚಿ ಅದುರಬೇಕು ಅಂತ.

ಮಾತು, ಹಾಡು, ಎಫೆಕ್ಟ್ಸ್ ಎಲ್ಲ ಹದವಾಗಿ ಸೇರಿಸುವ ಮಿಕ್ಸಿಂಗ್‌ಗೆ ಕೂತ ಹಿರಿಯರು ಕನ್ನಡ ಸಿನಿಮಾಗಳ ಸೌಂಡ್ ಕೆಲಸಕ್ಕೆ ಮದ್ರಾಸಿಗೇ ಹೋಗುತ್ತಿದ್ದ ಕಾಲದಿಂದ ಇರುವವರು. ಮೊದಲ ರೀಲು ಸುಮ್ಮನೆ ಕೇಳಿದರು. ಎರಡನೇ ರೀಲಿನ ಮಧ್ಯಕ್ಕೆ ನಿಲ್ಲಿಸಿ, "ಏನಪ್ಪಾ, ಅಪಾರ್ಟ್‌ಮೆಂಟಲ್ಲಿ ಹುಲಿ ಸಾಕಿದ್ದೀಯಾ?" ಅಂದರು. ಪಕ್ಕದಲ್ಲಿದ್ದ ಎಡಿಟರ್ ನಕ್ಕುಬಿಟ್ಟ. ನಗು ಬಂದದ್ದೇ ಸಮಸ್ಯೆ, ಹಾರರ್ ಸಿನಿಮಾ ಅಲ್ವಾ ಅದು. "ತೋಳ ಬಂತು ತೋಳ ಅಂತ ಹುಡುಗ ಎರಡು ಸಲ ಸುಳ್ಳು ಕೂಗಿದ್ದಕ್ಕೇ ಊರೋರು ಬರೋದು ಬಿಟ್ರು, ನೀನು ನಲವತ್ತು ಸಲ ಕೂಗ್ತಿದ್ದೀಯ" ಅಂದು ರೀಲು ವಾಪಸ್ ಕೊಟ್ಟರು. ಹೋಗುವಾಗ ಒಂದು ಸಿನಿಮಾ ಹೆಸರು ಬರೆದುಕೊಟ್ಟು, ಮೊದಲು ಕಣ್ಣು ಮುಚ್ಚಿಕೊಂಡು ಕೇಳು, ಆಮೇಲೆ ನೋಡು ಅಂದರು.

ಅದು 1981ರ 'ವುಲ್ಫೆನ್'. ಮೈಕೆಲ್ ವಾಡ್ಲೀ ನಿರ್ದೇಶನ, 'ವುಡ್‌ಸ್ಟಾಕ್' ಸಾಕ್ಷ್ಯಚಿತ್ರ ಮಾಡಿದ ಅದೇ ಮನುಷ್ಯ. ಅದೇ ವರ್ಷ ಅಮೆರಿಕದಲ್ಲಿ ಮನುಷ್ಯ ತೋಳವಾಗುವ ಸಿನಿಮಾಗಳು ಸಾಲಾಗಿ ಬಂದವು, ಮೇಕಪ್ಪಿನದೇ ಮಾತು ಜಾಸ್ತಿ. ಇದು ಹಾಗಲ್ಲ. ಇಲ್ಲಿ ಯಾರೂ ತೋಳವಾಗುವುದಿಲ್ಲ. ನ್ಯೂಯಾರ್ಕಿನ ಬ್ಯಾಟರಿ ಪಾರ್ಕಿನಲ್ಲಿ ಒಬ್ಬ ಕೋಟ್ಯಧಿಪತಿ ಬಿಲ್ಡರ್, ಅವನ ಹೆಂಡತಿ, ಅವರ ಬಾಡಿಗಾರ್ಡ್ ಸಾಯುತ್ತಾರೆ. ಆಲ್ಬರ್ಟ್ ಫಿನ್ನಿ ಮಾಡಿರುವ ಪೊಲೀಸ್ ಪತ್ತೆಗೆ ಹೊರಡುತ್ತಾನೆ. ಇಲಾಖೆಯವರಿಗೆಲ್ಲ ಭಯೋತ್ಪಾದಕರ ಮೇಲೆ ಅನುಮಾನ, ಆದರೆ ಜಾಡು ಹೋಗಿ ನಿಲ್ಲುವುದು ಸೌತ್ ಬ್ರಾಂಕ್ಸ್‌ನಲ್ಲಿ. ಎಪ್ಪತ್ತರ ದಶಕದಲ್ಲಿ ಬೀದಿಗೆ ಬೀದಿಯೇ ಸುಟ್ಟು, ಜನ ಬಿಟ್ಟು ಹೋಗಿದ್ದ ಜಾಗ ಅದು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಅಲ್ಲಿಯ ಷಾರ್ಲಟ್ ಸ್ಟ್ರೀಟಿನ ಇಟ್ಟಿಗೆ ರಾಶಿಯ ನಡುವೆ ನಿಂತು ನೋಡಿ ಹೋಗಿದ್ದರು. ಕೊಂದದ್ದು ತೋಳಗಳು, ಆ ಹಾಳೂರೇ ಅವುಗಳ ಕಾಡು. ಅಲ್ಲಿ ಹೊಸ ಕಟ್ಟಡ ಎಬ್ಬಿಸಲು ಹೊರಟವನನ್ನೇ ಅವು ಮೊದಲು ಮುಗಿಸಿರುತ್ತವೆ. (ಸಿನಿಮಾದಲ್ಲಿರುವ ಪಾಳು ಚರ್ಚು ಮಾತ್ರ ಸೆಟ್. ಸುತ್ತಲಿನ ಹಾಳು ನಿಜದ್ದು.)

ಕಥೆ ಅಲ್ಲಲ್ಲಿ ಎಳೆಯುತ್ತದೆ, ಕೊನೆಯಲ್ಲಿ ಭಾಷಣವೂ ಇದೆ, ಸುಳ್ಳು ಹೇಳಲ್ಲ. ಆದರೆ ನನ್ನ ಕಸುಬಿಗೆ ಬೇಕಾದದ್ದು ಇದ್ದದ್ದು ಬೇರೆ ಕಡೆ. ತೋಳಗಳು ಕಣ್ಣಿಗೆ ಬೀಳುವುದು ತುಂಬಾ ತಡವಾಗಿ. ಅಲ್ಲಿಯವರೆಗೆ ನಾವು ಅವುಗಳ ಕಣ್ಣಿನಿಂದ ನೋಡುತ್ತಿರುತ್ತೇವೆ. ನಡೆದರೂ ಕ್ಯಾಮೆರಾ ಅಲುಗದಂತೆ ಮೈಗೆ ಕಟ್ಟಿಕೊಳ್ಳುವ ಸಾಧನ ಸ್ಟೆಡಿಕ್ಯಾಮ್, ಅದನ್ನು ಕಂಡುಹಿಡಿದ ಗ್ಯಾರೆಟ್ ಬ್ರೌನ್ ಅವರೇ ಇದರಲ್ಲಿ ಕ್ಯಾಮೆರಾ ಹೊತ್ತಿದ್ದಾರೆ, ನೆಲಕ್ಕೆ ಹತ್ತಿರ, ನಾಲ್ಕು ಕಾಲಿನ ಎತ್ತರದಲ್ಲಿ ಅದು ಇಟ್ಟಿಗೆ ರಾಶಿಯ ಮೇಲೆ ತೇಲಿಕೊಂಡು ಹೋಗುತ್ತದೆ. ಬಣ್ಣಗಳೆಲ್ಲ ತಿರುಗಾಮುರುಗ. ಬೇಟೆಯಾಡುವ ಜೀವಿಯ ಕಣ್ಣಿನಿಂದ ಹೀಗೇ ಬಣ್ಣ ಬದಲಿಸಿ ತೋರಿಸಿದ 'ಪ್ರಿಡೇಟರ್' ಸಿನಿಮಾ ಬರುವುದಕ್ಕೆ ಆರು ವರ್ಷ ಮುಂಚಿನ ಮಾತು ಇದು. ಬಣ್ಣದ ಜೊತೆಗೆ ಶಬ್ದವೂ ಬದಲಾಗುತ್ತದೆ. ಕಣ್ಣು ಮುಚ್ಚಿ ಕೇಳಿದರೂ ಗೊತ್ತಾಗುತ್ತದೆ, ಈಗ ನಾವು ಮನುಷ್ಯರ ಕಿವಿಯಲ್ಲಿಲ್ಲ ಅಂತ.

ಆಗ ತಲೆಗೆ ಹೊಳೆಯಿತು. ನಾನು 41 ಕಡೆ ಹಾಕಿದ್ದು ಪ್ರಾಣಿ ಮಾಡುವ ಶಬ್ದ. ಪ್ರಾಣಿಗೆ ಕೇಳುವ ಶಬ್ದ ಒಂದು ಕಡೆಯೂ ಇರಲಿಲ್ಲ. ಹೊಂಚು ಹಾಕುವ ಪ್ರಾಣಿ ಗುರ್ ಅನ್ನುತ್ತಾ ಬರುತ್ತದಾ? ಬಂದರೆ ಅದಕ್ಕೆ ಉಪವಾಸವೇ ಗತಿ. ನಿಜವಾದ ಚಿರತೆಯ ಕೂಗೂ ಹುಲಿಯ ಘರ್ಜನೆಯಂತಲ್ಲ, ಗರಗಸದಲ್ಲಿ ಮರ ಕೊಯ್ದ ಹಾಗಿರುತ್ತದೆ. ಅದನ್ನೂ ನಾನು ಆಗಲೇ ತಿಳಿದುಕೊಂಡದ್ದು.

ಇನ್ನೊಂದು ನೆನಪಾಯಿತು. 2023ರ ಕೊನೆಯಲ್ಲಿ ಸಿಂಗಸಂದ್ರ, ಕೂಡ್ಲು ಗೇಟ್ ಕಡೆ ಚಿರತೆ ಓಡಾಡಿದಾಗ ಸಿಸಿಟಿವಿ ತುಣುಕು ಎಲ್ಲರ ಮೊಬೈಲಿಗೂ ಬಂದಿತ್ತಲ್ಲ, ಚಿರತೆ ತನ್ನ ಪಾಡಿಗೆ ತಾನು ನಡೆದುಕೊಂಡು ಹೋಗುವುದು, ನಮ್ಮ ಮನೆಯಲ್ಲಿ ಅದನ್ನು ಹತ್ತು ಸಲ ನೋಡಿದ್ದೆವು, ಅಮ್ಮ ಆ ವಾರವೆಲ್ಲ ಸಂಜೆ ಏಳಕ್ಕೇ ಟೆರೇಸಿನ ಬಾಗಿಲು ಹಾಕುತ್ತಿದ್ದರು. ಆ ತುಣುಕಿನಲ್ಲಿ ಶಬ್ದವೇ ಇರಲಿಲ್ಲ.

ವಾಪಸ್ ಬಂದು 41ರಲ್ಲಿ 39 ತೆಗೆದೆ. ಪ್ರಾಣಿಯ ಕಣ್ಣಿನ ಶಾಟ್‌ಗಳಲ್ಲಿ ಡೈಲಾಗನ್ನು ಮಂಕು ಮಾಡಿಸಿದೆ, ಮಾತು ಕೇಳಬೇಕು, ಅರ್ಥ ಆಗಬಾರದು. ಬದಲಿಗೆ ಸಣ್ಣ ಶಬ್ದಗಳನ್ನು ಹತ್ತಿರ ತಂದೆ. ಹೀರೋಯಿನ್ ಬಳೆ, ವಾಚ್‌ಮನ್ ಕೋಲು ನೆಲಕ್ಕೆ ತಾಗುವುದು, ಒಗೆದ ಬಟ್ಟೆಯಿಂದ ಹನಿ ತೊಟ್ಟಿಕ್ಕುವುದು. ಟ್ಯೂಬ್‌ಲೈಟಿನ ಗುಂಯ್ ಅನ್ನುವುದನ್ನು ಎತ್ತರಿಸಿದೆ, ನಮ್ಮ ಕಿವಿ 20 ಸಾವಿರ ಹರ್ಟ್ಸ್‌ಗೆ ಕೈಚೆಲ್ಲುತ್ತದೆ, ನಾಯಿಗೆ 40 ಸಾವಿರದವರೆಗೂ ಕೇಳುತ್ತದಂತೆ, ಇನ್ನು ಈ ಪ್ರಾಣಿಗೆ ನಮ್ಮ ಮನೆಗಳು ಎಷ್ಟು ಗಲಾಟೆಯಾಗಿರಬೇಡ.

ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ನಾಯಿಗಳು. ಪ್ರಾಣಿ ಗೇಟಿನೊಳಗೆ ಬರುವ ಹೊತ್ತಿಗೆ ಬೀದಿನಾಯಿಗಳೆಲ್ಲ ಒಟ್ಟಿಗೆ ಬೊಗಳುವುದು ನಿಲ್ಲಿಸಬೇಕು ಅಂದುಕೊಂಡೆ. ಕಂಪ್ಯೂಟರಿನಲ್ಲಿ ಸುಮ್ನೆ ಕತ್ತರಿಸಿದರೆ ಕತ್ತರಿಸಿದ ಹಾಗೇ ಕೇಳುತ್ತದೆ. ಹಿಂದೆ ಉಳಿಯುವ ಬೀದಿಯ ಸದ್ದು ಬೇಕು. ರೆಕಾರ್ಡರ್ ಹಿಡಿದು ಮೂರು ರಾತ್ರಿ ನಮ್ಮ ಟೆರೇಸಿನಲ್ಲಿ ಕೂತೆ. ನಾಯಿಗಳು ಬೊಗಳಿದ್ದೇ ಬೊಗಳಿದ್ದು. ಮೂರನೇ ರಾತ್ರಿ ಎರಡೂವರೆಗೆ ಕರೆಂಟ್ ಹೋಯಿತು. ಟ್ರಾನ್ಸ್‌ಫಾರ್ಮರ್ ಸದ್ದು, ಎಲ್ಲರ ಮನೆ ಫ್ಯಾನು ನಿಂತವು, ಯಾಕೋ ಏನೋ ನಾಯಿಗಳೂ ಒಂದು ಕ್ಷಣ ಸುಮ್ಮನಾದವು. 11 ಸೆಕೆಂಡ್. ಅಷ್ಟೇ ಸಿಕ್ಕಿದ್ದು, ಅದನ್ನೇ ಸಿನಿಮಾದಲ್ಲಿ ನಾಲ್ಕು ಕಡೆ ಬಳಸಿದ್ದೇನೆ.

ಹಿರಿಯರು ಎರಡನೇ ರೀಲು ಈ ಸಲ ನಿಲ್ಲಿಸದೆ ಕೇಳಿದರು. ಮುಗಿದ ಮೇಲೆ "ಕಾಫಿ ತರ್ಸು" ಅಂದರು, ಹೊಗಳಿಕೆ ಅಂತ ನಾನೇ ಅಂದುಕೊಂಡೆ. ಡೈರೆಕ್ಟರ್ ಮುಖ ಮಾತ್ರ ಸಣ್ಣಗಾಗಿತ್ತು. ದುಡ್ಡು ಹಾಕಿದವರು ಕೇಳ್ತಾರೆ, ಪ್ರಾಣಿ ಎಲ್ಲಿ ಅಂತ. ಕೊನೆಗೆ ಸಿನಿಮಾ ಹೀಗೇ ಇರಲಿ, ಟ್ರೈಲರಿಗೆ ಮಾತ್ರ ಗುರ್‌ಗುರ್ ಹಾಕು ಅಂತ ರಾಜಿ ಆಯಿತು. ಹುಲಿ, ಹಂದಿ, ನಾಯಿ ಮೂರನ್ನೂ ವಾಪಸ್ ತಂದು ಆರು ಕಡೆ ಹಾಕಿಕೊಟ್ಟೆ.

ಸಿನಿಮಾ ಎರಡು ವಾರ ಓಡಿತು. ಅಮ್ಮ ಥಿಯೇಟರಿಗೆ ಬರಲಿಲ್ಲ, ಹೆದರಿಕೆಯಂತೆ. ಟ್ರೈಲರ್ ಮಾತ್ರ ಅಕ್ಕಪಕ್ಕದವರಿಗೆಲ್ಲ ತೋರಿಸಿದ್ದಾರೆ. ಆ ಗುರ್ ಬಂದಾಗಲೆಲ್ಲ ಫೋನನ್ನು ಅವರ ಕಿವಿಯ ಹತ್ತಿರ ಹಿಡಿದು, "ಇದು ನಮ್ಮ ಹುಡುಗ ಮಾಡಿದ್ದು" ಅನ್ನುತ್ತಾರೆ.