‘ಮಂಜು ಪುಕ್ಕಟೆ, ಕಾಡು ಪುಕ್ಕಟೆ, ಒಂದು ಸ್ಲ್ಯಾಷರ್ ತೆಗೀಬಹುದಲ್ಲ?’

ಮಡಿಕೇರಿಯಲ್ಲಿ ಕ್ಯಾಮೆರಾ ಹಿಡಿದವರು ಕಂಡರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಸ್ಲ್ಯಾಷರ್ ಅಂದರೆ ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಅಟ್ಟಿಸಿಕೊಂಡು ಹೋಗಿ ಕೊಲ್ಲುವ ಭಯದ ಸಿನಿಮಾ. “ನಮ್ಮ ತೋಟದಲ್ಲೇ ತೆಗೀರಿ. ಮುಖವಾಡದವ ಒಬ್ಬ, ಕತ್ತಿ ಒಂದು, ಓಡೋಕೆ ನಾಲ್ಕು ಹುಡುಗರು. ಐದು ಲಕ್ಷ ಸಾಕಲ್ವಾ?” ಸಾಕಾದೀತು. ಆ ‘ಪುಕ್ಕಟೆ’ಯನ್ನು ಮಾತ್ರ ಮೊದಲು ವಾಪಸ್ ತಗೊಳ್ಳಿ.

ಬೆಳಿಗ್ಗೆ ಏಳಕ್ಕೆ ಎದುರಿನ ಸಿಲ್ವರ್ ಓಕ್ ಕಾಣದಷ್ಟು ಮಂಜು. ಒಂದು ಶಾಟ್ ಮುಗಿಸಿ ಲೆನ್ಸ್ ಬದಲಿಸುವಷ್ಟರಲ್ಲಿ ಕಾಫಿ ಕಣದ ತನಕ ಬಿಸಿಲು. ಎಡಿಟಿಂಗ್‌ನಲ್ಲಿ ನೋಡಿದರೆ ಓಡುವ ಹುಡುಗಿ ಮಂಜಿನಲ್ಲಿ, ಅಟ್ಟಿಸಿಕೊಂಡು ಬರುವವ ಬಿಸಿಲಿನಲ್ಲಿ. ಹಾಗಾಗಿ ಮಂಜಿರುವಾಗ ದೂರದ ಶಾಟ್‌ಗಳನ್ನಷ್ಟೇ, ಎರಡೂ ದಿಕ್ಕಿನಿಂದ, ಗಬಗಬ ತೆಗೆಯಬೇಕು. ಮುಖಗಳನ್ನು ಆಮೇಲೆ ಒಂದು ದಪ್ಪ ಮರಕ್ಕೆ ಒರಗಿಸಿ, ಹಿಂದೆ ಆಕಾಶ ಕಾಣದ ಹಾಗೆ ತೆಗೆದುಕೊಂಡರಾಯ್ತು. ಹೊಗೆ ಯಂತ್ರ ತರ್ತೇವೆ ಅನ್ನುವವರಿಗೆ: ಬಯಲಲ್ಲಿ ಒಂದು ಗಾಳಿ ಬೀಸಿದರೆ ಹೊಗೆ ಪಕ್ಕದ ತೋಟದವರ ಪಾಲು.

ಮಳೆಗಾಲದಲ್ಲಿ ಇಂಬಳ. ರಾತ್ರಿ ಸಿದ್ದಾಪುರದ ಕಡೆ ಆದರೆ ಆನೆ. ಮುಖವಾಡದವನು ಬರುವ ಮೊದಲು ಅದು ಬಂದರೆ ‘ಕಟ್’ ಅಂದರೆ ನಿಲ್ಲುವುದಿಲ್ಲ.

ಅಗ್ಗದ ಸ್ಲ್ಯಾಷರ್‌ಗೆ ನಿಜವಾದ ಶಕ್ತಿ ಇಲ್ಲವೇ? ಇದೆ. 1978ರ ‘ಹ್ಯಾಲೋವೀನ್’ ಮೂರು ಲಕ್ಷ ಡಾಲರ್‌ನ ಆಸುಪಾಸಿನಲ್ಲಿ ಆದ ಸಿನಿಮಾ. ಅಂಗಡಿಯಲ್ಲಿ ಸಿಕ್ಕ ಅಗ್ಗದ ರಬ್ಬರ್ ಮುಖವಾಡಕ್ಕೆ ಬಿಳಿ ಬಣ್ಣ ಬಳಿದರು. ಕ್ಯಾಲಿಫೋರ್ನಿಯಾದ ವಸಂತದಲ್ಲಿ ಶರತ್ಕಾಲ ತೋರಿಸಲು ಎಲೆಗಳಿಗೆ ಬಣ್ಣ ಹಾಕಿ, ಹರಡಿ, ಮತ್ತೆ ಗುಡಿಸಿ ಮುಂದಿನ ಬೀದಿಗೆ ಒಯ್ದರು. ದುಡ್ಡು ಉಳಿಸಿದ್ದು ಅಲ್ಲಿ. ಕ್ಯಾಮೆರಾಕ್ಕೆ ಮಾತ್ರ ಪಾನಾವಿಷನ್‌ನ ಅಗಲ ಚೌಕಟ್ಟೇ ಬೇಕು ಅಂದರು. ಹುಡುಗಿ ಒಂದು ಬದಿಗೆ ನಿಂತರೆ ಉಳಿದ ಖಾಲಿ ಜಾಗವೇ ನೋಡುವವನ ಜೀವ ಹಿಂಡುತ್ತದೆ. ರಕ್ತ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ನಮ್ಮವರು ಕೇಳುವುದು ಮಾತ್ರ ರಕ್ತದ್ದೇ. ತಗೊಳ್ಳಿ: ಮುಕ್ಕಾಲು ಲೀಟರ್ ಲಿಕ್ವಿಡ್ ಗ್ಲೂಕೋಸ್, ಕಾಲು ಲೀಟರ್‌ಗಿಂತ ಕಡಿಮೆ ನೀರು, ಕೆಂಪು ಫುಡ್ ಕಲರ್, ಅರ್ಧ ಚಮಚ ಕೋಕೋ ಪುಡಿ. ಕೋಕೋ ಬಿಟ್ಟರೆ ಎಲ್‌ಇಡಿ ಬೆಳಕಿನಲ್ಲಿ ರೋಸ್ ಮಿಲ್ಕ್ ಚೆಲ್ಲಿದ ಹಾಗೆ ಕಾಣುತ್ತದೆ. 20 ಎಂಎಲ್ ಸಿರಿಂಜ್‌ಗೆ ಅಕ್ವೇರಿಯಂ ಪೈಪ್ ಸಿಕ್ಕಿಸಿ ತೋಳಿನೊಳಗೆ ಟೇಪ್ ಹಾಕಿ. ಒಂದೇ ಥರದ ಅಂಗಿ ಮೂರು ಇರಲಿ, ಕಲೆ ಹೋಗುವುದಿಲ್ಲ. ಹತ್ತು ನಿಮಿಷಕ್ಕೆ ಇರುವೆ ಬರುತ್ತದೆ. ಸತ್ತು ಮಲಗಿದವ ಕೆರೆದುಕೊಳ್ಳುತ್ತಾನೆ. ಕತ್ತಿಯೂ ಮೂರು: ಹತ್ತಿರದ ಶಾಟ್‌ಗೆ ನಿಜದ್ದು, ಸುತ್ತ ಯಾರೂ ಇಲ್ಲದಾಗ, ದೂರಕ್ಕೆ ಮೊಂಡು, ಮೈಗೆ ತಾಗುವುದಕ್ಕೆ ರಬ್ಬರ್.

ಇಷ್ಟೆಲ್ಲ ಕೇಳುವವರು ಕೋವಿಯ ಬಗ್ಗೆ ಯಾಕೆ ಕೇಳುವುದಿಲ್ಲ? ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇರುವ ಜಿಲ್ಲೆ ಇದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿದೆ. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡಿದ ಕೋವಿ ಇರುವ ಐನ್‌ಮನೆಗೆ, ಅಂದರೆ ಕುಟುಂಬದ ಮೂಲಮನೆಗೆ, ಒಬ್ಬ ಕತ್ತಿ ಹಿಡಿದು ನುಗ್ಗಿದರೆ ಸಿನಿಮಾ ಹತ್ತನೇ ನಿಮಿಷಕ್ಕೆ ಮುಗಿಯಿತು. ಫೋನ್ ಮಾಡಿ ಯಾರನ್ನಾದರೂ ಕರೆಯಬಹುದಲ್ಲ ಅಂದರೆ, ಮೊಬೈಲ್ ಸಮಸ್ಯೆ ಅಲ್ಲ. ಆಟಿ ಮಳೆಗೆ ಕರೆಂಟ್ ಹೋಗಿ ರೇಂಜ್ ಇಲ್ಲ ಅಂದರೆ ಇಲ್ಲಿ ಯಾರೂ ಅನುಮಾನಪಡುವುದಿಲ್ಲ. ಕೋವಿಗೆ ಉತ್ತರ ಬೇಕು. ಹೋಂಸ್ಟೇಗೆ ಬಂದ, ಕೋವಿ ಇಲ್ಲದ ಬೆಂಗಳೂರಿನವರನ್ನು ಸಾಯಿಸುವುದು ಸುಲಭದ ದಾರಿ, ಎಲ್ಲರೂ ಅದನ್ನೇ ಹಿಡಿಯುತ್ತಾರೆ. ನನಗಾದರೆ ಕೋವಿ ಅಜ್ಜನ ಕೈಯಲ್ಲೇ ಇರಲಿ, ತೋಟೆಯೂ ತುಂಬಿರಲಿ. ಅಂಗಳದಾಚೆ ಮಂಜಿನಲ್ಲಿ ಎರಡು ಆಕೃತಿ ಓಡಿ ಬರುತ್ತಿವೆ. ಒಂದು ಮೊಮ್ಮಗಳು. ಯಾವುದು? ಆಗ ಬೇಕಾದರೆ ಮಂಜಿಗೆ ಸಂಬಳ ಕೊಡೋಣ.

ಈ ಸಿನಿಮಾಗಳು ಸೋಲುವುದು ಬೇರೆ ಕಡೆ. ಮೊದಲ ಕೊಲೆಗೂ ಕೊನೆಯ ಓಟಕ್ಕೂ ನಡುವಿನ ನಲವತ್ತು ನಿಮಿಷ ಹುಡುಗರು ಸುಮ್ಮನೆ ಹರಟುತ್ತಾರೆ. ರಾತ್ರಿ ಅಂದರೆ ಎಲ್ಲವೂ ನೀಲಿ. ಎಲ್ಲಕ್ಕಿಂತ ಕೆಟ್ಟದ್ದು ಸದ್ದು. ಕ್ಯಾಮೆರಾದ ಮೈಕ್‌ನಲ್ಲೇ ಹಿಡಿದರೆ ಜೀರುಂಡೆ, ಜನರೇಟರ್, ಹೆಂಚಿನ ಮೇಲಿನ ಮಳೆ, ಇವುಗಳ ಅಡಿಯಲ್ಲೆಲ್ಲೋ ಸಂಭಾಷಣೆ. ‘ಸದ್ದು ಹೇಗೆ ಮಾಡ್ತೀರಿ?’ ಅಂತ ಒಬ್ಬರಾದರೂ ಕೇಳಲಿ, ಕಾಫಿ ನಾನೇ ಕೊಡಿಸುತ್ತೇನೆ. ಕತ್ತಿ ಇಳಿಯುವ ಸದ್ದು ಸೆಟ್‌ನಲ್ಲಿ ಹುಟ್ಟುವುದಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ, ಒಂದು ಗೇಣು ದೂರದಲ್ಲಿ ಮೈಕ್ ಇಟ್ಟು, ಆಗಷ್ಟೇ ಕಡಿದು ತಂದ ಬಾಳೆದಿಂಡಿಗೆ ಕತ್ತಿ ಹಾಕಿ, ನಿಧಾನವಾಗಿ ಹೊರಗೆಳೆಯಿರಿ. ಒಳಹೋಗುವ ಸದ್ದಿಗಿಂತ ಹೊರಬರುವ ಸದ್ದಿಗೇ ಜನ ಮುಖ ಮುಚ್ಚಿಕೊಳ್ಳುವುದು. ಮೈಕ್‌ಗೆ ಪ್ಲಾಸ್ಟಿಕ್ ಸುತ್ತಿರಿ, ದಿಂಡಿನ ನೀರು ಸಿಡಿಯುತ್ತದೆ.