ಮೊದಲ ಹಾಫ್ ಮ್ಯಾರಥಾನ್ ಎಲ್ಲಿ ಓಡಲಿ?

“ಹತ್ತು ಕಿಲೋಮೀಟರ್ ಆರಾಮಾಗಿ ಓಡ್ತೀನಿ. ಮೊದಲ ಹಾಫ್ ಮ್ಯಾರಥಾನ್ ಎಲ್ಲಿ ಓಡಲಿ?” ಓಟದ ಗೀಳು ಹಿಡಿದು ಒಂದು ವರ್ಷ ಆದವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ಕೇಳುವಾಗಲೇ ಅವರ ಮನಸ್ಸಿನಲ್ಲಿ ಉತ್ತರ ಇರುತ್ತದೆ. ಬೆಂಗಳೂರು, ಇಲ್ಲದಿದ್ದರೆ ಜನವರಿಯಲ್ಲಿ ಮುಂಬೈ. “ಎರಡೂ ಬೇಡ, ಡಿಸೆಂಬರ್‌ನಲ್ಲಿ ಬಯಲುಸೀಮೆಯ ಯಾವುದಾದರೂ ಊರಿಗೆ ಹೋಗಿ ಓಡಿ” ಅಂದರೆ ಮುಖ ಸಪ್ಪೆಯಾಗುತ್ತದೆ. ಫೋಟೊ ಚೆನ್ನಾಗಿ ಬರಲ್ಲ ಅನ್ನುವ ಚಿಂತೆ ಇರಬೇಕು.

ನನ್ನ ಲೆಕ್ಕ ಇಷ್ಟೇ. ಮೊದಲ ಹಾಫ್‌ನಲ್ಲಿ ಜನ ದೂರಕ್ಕೆ ಸೋಲುವುದು ಕಡಿಮೆ, ವೇಗಕ್ಕೆ ಸೋಲುವುದೇ ಜಾಸ್ತಿ. 21.0975 ಕಿ.ಮೀ. ಅನ್ನುವ ಸಂಖ್ಯೆ ನೋಡಿ ತಿಂಗಳುಗಟ್ಟಲೆ ಹೆದರುತ್ತಾರೆ. ಓಟದ ದಿನ ಮಾತ್ರ ಮೊದಲ ಐದು ಕಿ.ಮೀ. ತಮ್ಮದಲ್ಲದ ವೇಗದಲ್ಲಿ ಓಡಿ, ಹದಿನೈದರ ಹೊತ್ತಿಗೆ ಕಾಲೆಳೆಯುತ್ತಾರೆ. ದೊಡ್ಡ ಓಟದಲ್ಲಿ ಸಾವಿರಾರು ಜನರ ನಡುವೆ, ಮೈಕು ಡೋಲುಗಳ ಗಲಾಟೆಯಲ್ಲಿ ಕಾಲು ತಾನಾಗಿ ಓಡಿಬಿಡುತ್ತದೆ. ಚಿಕ್ಕ ಊರಿನ ಚಳಿಗಾಲದ ಓಟದಲ್ಲಿ ವೇಗ ನಿಮ್ಮ ಹತೋಟಿಯಲ್ಲೇ ಇರುತ್ತದೆ. ಅದಕ್ಕೆ ಅರ್ಧ ಕಾರಣ ಚಳಿ, ಇನ್ನರ್ಧ ಖಾಲಿ ರಸ್ತೆ.

ಮೊದಲು ಚಳಿ. ಓಡುವಾಗ ಸ್ನಾಯುಗಳು ಸುಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿ ಹೋಗುತ್ತದೆ. ಆ ಶಾಖವನ್ನು ಹೊರಹಾಕಲು ದೇಹ ರಕ್ತವನ್ನು ಚರ್ಮದ ಕಡೆ ತಿರುಗಿಸುತ್ತದೆ. ಕಾಲಿಗೆ ಬೇಕಾದ ರಕ್ತದಲ್ಲೇ ಚರ್ಮಕ್ಕೂ ಪಾಲು ಕೊಡಬೇಕು. ಹಾಗಾಗಿ ಸೆಕೆಯಲ್ಲಿ ಅದೇ ವೇಗಕ್ಕೆ ಎದೆ ಜಾಸ್ತಿ ಬಡಿದುಕೊಳ್ಳುತ್ತದೆ. ಹತ್ತು ಹನ್ನೆರಡು ಡಿಗ್ರಿ ಚಳಿಯಲ್ಲಿ ಈ ಜಗಳ ಕಡಿಮೆ. ಮುಂಬೈಯಲ್ಲಿ ಜನವರಿಯಲ್ಲೂ ಸಮುದ್ರದ ತೇವ ಇರುತ್ತದೆ. ಬೆವರು ಸುರಿಯುತ್ತದೆ, ಆರುವುದಿಲ್ಲ. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು?

ಬಯಲುಸೀಮೆ ಅಂತ ಹೇಳುವುದು ಅದಕ್ಕೇ. ಗಾಳಿ ಒಣ, ಆಕಾಶ ಸ್ವಚ್ಛ. ಹಗಲು ಕಾದ ನೆಲ ರಾತ್ರಿಯಿಡೀ ಶಾಖ ಬಿಟ್ಟುಬಿಡುತ್ತದೆ, ತಡೆಯಲು ಮೋಡವಿಲ್ಲ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ವಿಜಯಪುರ, ಬೀದರ್‌ಗಳೇ ಡಿಸೆಂಬರ್, ಜನವರಿಯಲ್ಲಿ ‘ರಾಜ್ಯದಲ್ಲೇ ಕನಿಷ್ಠ ಉಷ್ಣಾಂಶ’ ಅಂತ ಪತ್ರಿಕೆಯಲ್ಲಿ ಬರುತ್ತವೆ. ಅದೇ ಸಮಯಕ್ಕೆ ಮಂಗಳೂರಿನಲ್ಲಿ ಬೆಳಗಿನ ಜಾವ ಇಪ್ಪತ್ತರ ಆಸುಪಾಸು ಇರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ.

ವಿಜಯಪುರದ ಹೆಸರು ಬಂತು, ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಡಿಸೆಂಬರ್‌ನಲ್ಲಿ ವೃಕ್ಷಥಾನ್ ಹೆರಿಟೇಜ್ ರನ್ ನಡೆಯುತ್ತದೆ. ಗಿಡ ನೆಡುವ ಅಭಿಯಾನದ ಜೊತೆ ಸೇರಿಕೊಂಡ ಓಟ. ‘ವಿಜಯಪುರ ಚಿಕ್ಕ ಊರೇನ್ರೀ?’ ಅಂತ ಅಲ್ಲಿಯವರು ಬೈದರೆ ಅದು ಸರಿಯೇ. 2011ರ ಜನಗಣತಿಯಲ್ಲೇ ಮೂರು ಲಕ್ಷ ದಾಟಿದ ಊರದು. ಆದರೆ ಬೆಂಗಳೂರಿನ ಓಟಗಾರರ ಕಣ್ಣಿಗೆ ತುಮಕೂರು ದಾಟಿದರೆ ಎಲ್ಲವೂ ಚಿಕ್ಕ ಊರೇ. ಧಾರವಾಡ, ಕಲಬುರಗಿ, ದಾವಣಗೆರೆ ಕಡೆ ಓಟ ನಡೆದರೂ ಇಲ್ಲಿ ಹೇಳುವುದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಈಗ ಖಾಲಿ ರಸ್ತೆ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಹೊಸಬರು ತಬ್ಬಿಬ್ಬಾಗುವುದು ಇಲ್ಲೇ.

ಇಂಥ ಓಟಗಳಲ್ಲಿ ಹಾಫ್ ಓಡುವವರು ಕಡಿಮೆ, ಐದು ಮತ್ತು ಹತ್ತು ಕಿ.ಮೀ. ಓಡುವವರೇ ಜಾಸ್ತಿ. ಶಾಲೆ ಮಕ್ಕಳು ಬಸ್ಸಿನಲ್ಲಿ ಬಂದಿಳಿಯುತ್ತಾರೆ, ಕೆಲವರ ಕಾಲಲ್ಲಿ ಶೂ ಕೂಡ ಇರುವುದಿಲ್ಲ. ಎಲ್ಲರನ್ನೂ ಹತ್ತಿರ ಹತ್ತಿರದ ಹೊತ್ತಿಗೆ ಬಿಟ್ಟರಂತೂ ಆ ಹುಡುಗರು ನಿಮ್ಮ ಪಕ್ಕದಲ್ಲಿ ಗಾಳಿಯ ಹಾಗೆ ಹೋಗುತ್ತಾರೆ. ಒಂದು ಕಿಲೋಮೀಟರ್ ಆದಮೇಲೆ ಅವರೇ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು ನಿಮ್ಮನ್ನು ನೋಡಿ ನಗುತ್ತಾರೆ. ಅವರ ಹಿಂದೆ ಬೀಳಬೇಡಿ. ಐದರವರು ತಿರುಗುತ್ತಾರೆ, ಹತ್ತರವರು ತಿರುಗುತ್ತಾರೆ. ಆಮೇಲೆ ಊರು ಮುಗಿಯುತ್ತದೆ, ಎದುರಿಗೆ ರಸ್ತೆ, ದೂರದಲ್ಲಿ ಯಾರದೋ ಹಳದಿ ಟಿ-ಶರ್ಟು. ಹಿಂದೆ ತಿರುಗಿ ನೋಡಿದರೆ ಯಾರೂ ಇಲ್ಲ.

ದೊಡ್ಡ ಓಟಗಳಲ್ಲಿ ಎರಡು ಗಂಟೆಯಲ್ಲಿ ಮುಗಿಸುವವರಿಗೆ ಒಬ್ಬ, ಎರಡೂಕಾಲು ಗಂಟೆಯವರಿಗೆ ಒಬ್ಬ ಅಂತ ಬಾವುಟ ಹಿಡಿದು ಅದೇ ವೇಗದಲ್ಲಿ ಓಡುವ ಪೇಸರ್ ಇರುತ್ತಾರೆ, ಅವರ ಬೆನ್ನಿಗೆ ಬಿದ್ದರೆ ಸಾಕು. ಇಲ್ಲಿ ಅಂಥವರು ಸಿಗುವುದು ಅಪರೂಪ. ನಿಮ್ಮ ಪೇಸ್, ಅಂದರೆ ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಅನ್ನುವುದು, ನಿಮಗೇ ಗೊತ್ತಿರಬೇಕು. ಎರಡೂವರೆ ಗಂಟೆಯಲ್ಲಿ ಮುಗಿಸಬೇಕೆಂದರೆ ಕಿಲೋಮೀಟರಿಗೆ 7 ನಿಮಿಷ 6 ಸೆಕೆಂಡು. ಮೂರು ಗಂಟೆಗೆ 8 ನಿಮಿಷ 32 ಸೆಕೆಂಡು. ಬಿರುಸಾಗಿ ನಡೆದರೂ ಕಿಲೋಮೀಟರಿಗೆ ಹತ್ತು ನಿಮಿಷದ ಆಸುಪಾಸು ಆಗುತ್ತದೆ, ಅಂದರೆ ಪೂರ್ತಿ ನಡೆದವರಿಗೆ ಮೂರೂವರೆ ಗಂಟೆ. ನೋಂದಣಿ ಮಾಡುವಾಗ ಎಷ್ಟು ಗಂಟೆಯೊಳಗೆ ಮುಗಿಸಬೇಕು ಅಂತ ಕೇಳಿಟ್ಟುಕೊಳ್ಳಿ. ಈ ಲೆಕ್ಕ ತಲೆಯಲ್ಲಿದ್ದರೆ ಒಂಟಿ ರಸ್ತೆ ಹೆದರಿಸುವುದಿಲ್ಲ. ಮೊದಲ ಏಳು ಕಿ.ಮೀ. ಎಷ್ಟು ನಿಧಾನ ಅಂದರೆ, ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಚಳಿಯಲ್ಲಿ ಎಲ್ಲವೂ ಹಗುರ ಅನಿಸಿ ಕಾಲು ಓಡುತ್ತದೆ, ಹಿಡಿದಿಡಿ.

ಪೂರ್ತಿ ಒಂಟಿ ಅಂತಲೂ ಅಲ್ಲ. ಚಳಿಗಾಲ ಅಂದರೆ ಆ ಕಡೆ ಕಬ್ಬು ನುರಿಸುವ ಕಾಲ. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಜೋರಾಗಿ ಹಾಡು ಹಾಕಿಕೊಂಡು ಟ್ರ್ಯಾಕ್ಟರುಗಳು ಬರುತ್ತವೆ. ಪೊಲೀಸರು ಪಕ್ಕಕ್ಕೆ ನಿಲ್ಲಿಸಿದರೂ ನೀವು ರಸ್ತೆಯ ಅಂಚಿನಲ್ಲೇ ಇರಿ, ಕಿವಿಗೆ ಇಯರ್‌ಫೋನ್ ಬೇಡ. ಎರೆಹೊಲಗಳಲ್ಲಿ ಬಿಳಿಜೋಳ ಎದೆಮಟ್ಟ ನಿಂತಿರುತ್ತದೆ, ಕಡಲೆ ಹಸಿರಾಗಿರುತ್ತದೆ. ಚಹಾದಂಗಡಿ ಮುಂದೆ ಶಾಲು ಹೊದ್ದು ಕೂತ ಅಜ್ಜಂದಿರು ಕೇಳುತ್ತಾರೆ, “ಗೆದ್ರ ಎಷ್ಟ್ ರೊಕ್ಕಾ ಕೊಡ್ತಾರ್ರೀ?” “ನಾವ ರೊಕ್ಕಾ ಕಟ್ಟಿ ಓಡಾಕತ್ತೀವ್ರಿ ಯಜಮಾನ್ರ” ಅಂತ ಹೇಳಿ ನೋಡಿ. ಅವರ ನಗು ಕೇಳಿ ಇನ್ನೊಂದು ಕಿಲೋಮೀಟರ್ ದಾಟಿರುತ್ತೀರಿ. ದೊಡ್ಡ ಊರಿನ ಜನ ಚಪ್ಪಾಳೆ ತಟ್ಟುತ್ತಾರೆ, ನಿಜ. ಹದಿನೇಳನೇ ಕಿಲೋಮೀಟರಿನಲ್ಲಿ ಆ ಚಪ್ಪಾಳೆ ಬೇಕು ಅನಿಸುವುದೂ ನಿಜ. ಆದರೆ ಮೊದಲ ಐದರಲ್ಲಿ ಕೆಡಿಸುವುದೂ ಅದೇ ಚಪ್ಪಾಳೆ.

ಬಟ್ಟೆಯ ವಿಷಯ. ಡಿಸೆಂಬರ್ ಕೊನೆಯಲ್ಲಿ ವಿಜಯಪುರದಲ್ಲಿ ಸೂರ್ಯ ಹುಟ್ಟುವುದೇ ಏಳಕ್ಕೆ ಸ್ವಲ್ಪ ಮುಂಚೆ. ಆರಕ್ಕೆ ಓಟ ಶುರುವಾದರೆ ಕತ್ತಲಲ್ಲೇ ಓಡುತ್ತೀರಿ, ಮುಗಿಸುವಾಗ ಬಿಸಿಲು ಚುರುಗುಟ್ಟುತ್ತಿರುತ್ತದೆ. ಬೆಳಿಗ್ಗೆ ಹನ್ನೆರಡಿದ್ದ ಉಷ್ಣಾಂಶ ಮಧ್ಯಾಹ್ನ ಮೂವತ್ತರ ಹತ್ತಿರ ಹೋಗುವ ನೆಲ ಅದು. ಹಾಗಾಗಿ ದಪ್ಪ ಜಾಕೆಟ್ ಬೇಡ. ನಿಂತಾಗ ಸ್ವಲ್ಪ ನಡುಗುವಷ್ಟೇ ಬಟ್ಟೆ ಸಾಕು, ಎರಡನೇ ಕಿಲೋಮೀಟರಿಗೆ ಸರಿಹೋಗುತ್ತದೆ. ಓಟ ಶುರುವಾಗುವ ತನಕ ಹಳೆಯದೊಂದು ಸ್ವೆಟರ್ ಹಾಕಿಕೊಂಡಿರಿ. ಬೆರಳು ಮರಗಟ್ಟುವವರು ತೆಳು ಕೈಗವಸು ಹಾಕಿ, ಆಮೇಲೆ ಜೇಬಿಗೆ ಸೇರಿಸಿ. ಒಣ ಗಾಳಿಗೆ ತುಟಿ ಒಡೆಯುತ್ತದೆ, ತೊಡೆಸಂದಿ ಉಜ್ಜಿ ಉರಿಯುತ್ತದೆ. ಎರಡಕ್ಕೂ ವ್ಯಾಸಲೀನ್. ಮೂಗು ಸೋರುವುದು ಗ್ಯಾರಂಟಿ, ಒಂದು ಕರವಸ್ತ್ರ.

ಚಳಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ. ಆದರೂ ಒಣ ಹವೆಯಲ್ಲಿ ಬೆವರು ಕಾಣದ ಹಾಗೆ ಹೋಗುತ್ತಲೇ ಇರುತ್ತದೆ. ನೀರಿನ ಟೇಬಲ್ ಸಿಕ್ಕಾಗೆಲ್ಲ ಎರಡು ಗುಟುಕು ಕುಡಿಯಿರಿ, ಹೊಟ್ಟೆ ತುಂಬಾ ಬೇಡ. ಟೇಬಲ್‌ಗಳ ನಡುವಿನ ಅಂತರ ಕೆಲವು ಕಡೆ ಜಾಸ್ತಿ ಇರುತ್ತದೆ, ಅರ್ಧ ಲೀಟರಿನ ಬಾಟಲಿ ಕೈಯಲ್ಲಿದ್ದರೆ ಧೈರ್ಯ. ಇನ್ನೊಂದು ಮಾತು. ಚಳಿಗೆ ಮೂತ್ರ ಬೇಗ ಬೇಗ ಬರುತ್ತದೆ. ಓಟ ಶುರುವಾಗುವ ಜಾಗದಲ್ಲಿ ಶೌಚಾಲಯ ಎಲ್ಲಿದೆ ಅಂತ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಹೆಣ್ಣುಮಕ್ಕಳಿಗಂತೂ ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಆಯೋಜಕರನ್ನು ಫೋನ್ ಮಾಡಿ ಕೇಳಲು ಸಂಕೋಚ ಬೇಡ.

“ಅಲ್ಲೆಲ್ಲ ದೂರ ಸರಿಯಾಗಿ ಅಳೆದಿರ್ತಾರಾ?” ಇದು ಮರಿಪ್ರಶ್ನೆ. ಪ್ರಮಾಣಪತ್ರ ಇರುವ ಕೋರ್ಸನ್ನು, ಅಂದರೆ ಓಟದ ದಾರಿಯನ್ನು, ಸೈಕಲ್ಲಿನ ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಅನ್ನುವ ಪುಟ್ಟ ಎಣಿಕೆ ಯಂತ್ರ ಹಾಕಿ ಅಳೆಯುತ್ತಾರೆ. ಓಟಗಾರ ಹಿಡಿಯಬಹುದಾದ ಅತಿ ಚಿಕ್ಕ ದಾರಿಯಲ್ಲೇ ಸೈಕಲ್ ಹೋಗಬೇಕು. ಕಡಿಮೆ ಬೀಳದಿರಲಿ ಅಂತ ಸಾವಿರಕ್ಕೆ ಒಂದರಂತೆ ಸೇರಿಸುತ್ತಾರೆ, ಹಾಫ್‌ಗೆ ಸುಮಾರು 21 ಮೀಟರ್. ಚಿಕ್ಕ ಓಟಗಳಲ್ಲಿ ಎಲ್ಲ ಕಡೆ ಇಷ್ಟು ಮಾಡುವುದಿಲ್ಲ. ನಿಮ್ಮ ವಾಚು 20.8 ತೋರಿಸಬಹುದು, 21.4 ತೋರಿಸಬಹುದು. ವಾಚಿನ ಜಿಪಿಎಸ್ಸೂ ಸತ್ಯಹರಿಶ್ಚಂದ್ರ ಅಲ್ಲ, ಬಿಡಿ. ಕೆಲವು ದೊಡ್ಡ ಓಟಗಳು ಹಳೆಯ ಟೈಮಿಂಗ್ ಸರ್ಟಿಫಿಕೇಟ್ ಕೇಳುತ್ತವೆ. ಅದು ಬೇಕಿದ್ದವರು ಕೋರ್ಸ್ ಬಗ್ಗೆ ಮೊದಲೇ ವಿಚಾರಿಸಿ. ಮೊದಲ ಹಾಫ್ ಓಡುವವರಿಗೆ ಇನ್ನೂರು ಮೀಟರ್ ಆಚೀಚೆ ಆದರೆ ಏನೂ ಮುಳುಗುವುದಿಲ್ಲ.

ಎಲ್ಲರಿಗೂ ಇದೇ ಉತ್ತರ ಅಲ್ಲ. ಒಂದು ಸಲವೂ ಹದಿನೈದು ಹದಿನಾರು ಕಿ.ಮೀ. ಓಡದವರು ಎಲ್ಲಿಯೂ ಹಾಫ್ ಓಡುವುದು ಬೇಡ. ಆಸ್ತಮಾ ಇರುವವರಿಗೆ ಒಣ ಚಳಿಗಾಳಿ ಆಗಿಬರುವುದಿಲ್ಲ. ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುತ್ತದೆ. ಬಿಪಿ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ನೋಂದಣಿಯನ್ನೇ ಮಾಡಬೇಡಿ. ಒಬ್ಬರೇ ಓಡಲು ಭಯ ಅನ್ನುವವರು ಒಬ್ಬ ಸ್ನೇಹಿತರನ್ನು ಎಳೆದುಕೊಂಡು ಹೋಗಿ.

ಇನ್ನು ಹೋಗುವ ದಾರಿ. ಗೋಲಗುಂಬಜ್ ಎಕ್ಸ್‌ಪ್ರೆಸ್ ಮೈಸೂರು, ಬೆಂಗಳೂರು, ಹುಬ್ಬಳ್ಳಿ ಮೇಲೆ ವಿಜಯಪುರಕ್ಕೆ ಹೋಗುತ್ತದೆ. ಭಾನುವಾರ ಓಟ ಅಂದರೆ ಶನಿವಾರವೇ ಅಲ್ಲಿರಿ. ರಾತ್ರಿಯಿಡೀ ರೈಲಿನಲ್ಲಿ ಕೂತು ನೇರ ಓಟಕ್ಕೆ ಇಳಿಯುವುದು ಬೇಡ. ಶನಿವಾರ ರಾತ್ರಿಯ ಖಾನಾವಳಿ ಊಟದಲ್ಲಿ ರೊಟ್ಟಿ, ಎಣಗಾಯಿ ಎಷ್ಟು ಚೆಂದ ಇದ್ದರೂ ಕೆಂಪು ಚಟ್ನಿ ಮುಟ್ಟಬೇಡಿ. ಅನ್ನ, ಬೇಳೆ, ಮಜ್ಜಿಗೆಯಲ್ಲಿ ಮುಗಿಸಿ. ಭಾನುವಾರ ಮಧ್ಯಾಹ್ನ ಚಟ್ನಿ, ಮಿರ್ಚಿ ಭಜಿ ಎಲ್ಲ ನಿಮ್ಮದೇ.

ಶನಿವಾರ ಹೊತ್ತು ಹೋಗಲಿಲ್ಲ ಅಂದರೆ ಇಬ್ರಾಹಿಂ ರೋಜಾ ನೋಡಿ ಬನ್ನಿ. ಗೋಳಗುಮ್ಮಟವನ್ನು ಹೊರಗಿನಿಂದ, ಕೆಳಗಿನಿಂದ ಎಷ್ಟು ಬೇಕಾದರೂ ನೋಡಿ. ಪಿಸುಮಾತಿನ ಗ್ಯಾಲರಿಗೆ ಹತ್ತುವುದನ್ನು ಮಾತ್ರ ಅವತ್ತು ಇಟ್ಟುಕೊಳ್ಳಬೇಡಿ. ಮೂಲೆಯ ಗೋಪುರದೊಳಗೆ ಇಕ್ಕಟ್ಟಾದ, ಎತ್ತರದ ಮೆಟ್ಟಿಲುಗಳು. ಏರುವುದಕ್ಕಿಂತ ಇಳಿಯುವುದೇ ತೊಡೆಗೆ ನೋವು ತರುತ್ತದೆ, ಆ ನೋವು ಸರಿಯಾಗಿ ಮರುದಿನ ಬೆಳಿಗ್ಗೆ ಎದ್ದು ಕೂರುತ್ತದೆ. ಓಟ ಮುಗಿಸಿ ಭಾನುವಾರ ಹತ್ತೋಣ ಅಂದುಕೊಂಡರೆ ಅದಕ್ಕೂ ಕಾಲು ಒಪ್ಪುವುದಿಲ್ಲ. ಸೋಮವಾರ ಒಂದು ದಿನ ರಜೆ ಹಾಕಿ.